ಬ್ರಿಗೇಡಿಯರರ ಬಲಗೈ

ಫಿಂಟಾಸಿನ ಕಡಲ ಬದಿಯ ಫ್ಲ್ಯಾಟಿನಲ್ಲಿ ದಾದಿ ಇನೆಜಳಿಗೆ ಅದು ಕೊನೆಯ ವಾರ. ಬದುಕಿನ ಅರ್ಧಭಾಗವನ್ನು ಕುವೈತಿನ ಆಸ್ಪತ್ರೆಗಳ ಪಾಳಿಗಳಲ್ಲಿ ಸವೆಸಿದ ಅವಳ ಕಾಲುಗಳು ಸಂಜೆಯಾದೊಡನೆ ಕಲ್ಲಿನಂತೆ ಭಾರವಾಗುತ್ತಿದ್ದವು. ಈಚೆಗೆ ಅವಳು ನೋಡಿಕೊಳ್ಳುತ್ತಿದ್ದುದು ಒಬ್ಬರನ್ನೇ: ಬ್ರಿಟಿಷ್ ಸೇನೆಯ ನಿವೃತ್ತ ಬ್ರಿಗೇಡಿಯರ್ ಆಲ್ಡರ್ಟನ್. ಪಾರ್ಶ್ವವಾಯು ಅವರ ಬಲಗೈಯ ಕಸುವನ್ನು ಕಸಿದಿತ್ತು. ದಿನವೂ ಬೆಳಿಗ್ಗೆ ಆ ಕೈಯನ್ನು ಹಿಡಿದು ಮೇಲೆತ್ತಿ ಇಳಿಸಬೇಕು. ಅವಳು ಊರಿಗೆ ಹೊರಟ ಮೇಲೆ ಆ ಕೆಲಸ ಹೊಸ ದಾದಿ ಡೆಲ್ಮಾಳದು.

ಕೆಲಸ ತಿಳಿದುಕೊಳ್ಳಲು ಮೈದಾನ್ ಹವಲ್ಲಿಯಿಂದ ಬಂದ ಡೆಲ್ಮಾ ಕೇಳಿದ್ದಳು, “ಇವರಿಗೆ ಬೆಳಿಗ್ಗೆ ಎದ್ದು ಸಲ್ಯೂಟ್ ಹೊಡೀಬೇಕಾ?”

“ಸಲ್ಯೂಟ್ ಬೇಡ ಮಾರಾಯ್ತಿ. ಚಾ ಮಾತ್ರ ತಣ್ಣಗಾಗ್ಬಾರ್ದು. ತಣ್ಣಗಾದ್ರೆ ಯುದ್ಧವೇ!”

ಹರೆಯದಲ್ಲೇ ಸೇನೆ ಸೇರಿದವರು ಆಲ್ಡರ್ಟನ್. ಬೆಲ್‌ಫಾಸ್ಟಿನ ಬೀದಿಗಳಲ್ಲಿ ಗಸ್ತು ತಿರುಗಿ, ಜರ್ಮನಿಯ ಶಿಬಿರಗಳಲ್ಲಿ ಚಳಿ ತಿಂದು, ತೊಂಬತ್ತೊಂದರ ಕೊಲ್ಲಿ ಯುದ್ಧದಲ್ಲಿ ಕರ್ನಲ್ ಆಗಿ ಈ ಮರಳಿಗೆ ಬಂದರು. ಬ್ರಿಗೇಡಿಯರ್ ಪದವಿ ಆಮೇಲಿನದು. ಸೇನೆ ಬಿಟ್ಟ ಮೇಲೆ ಇಲ್ಲಿನ ಕಂಪನಿಯೊಂದಕ್ಕೆ ಸಲಹೆಗಾರರಾಗಿ ಮರಳಿ ಬಂದವರು ಇಲ್ಲೇ ಮುದುಕರಾದರು. ಗೋಡೆಯ ಮೇಲೆ ಒಂದು ಫೋಟೋವೂ ಇರಲಿಲ್ಲ. ಪದಕಗಳ ಪೆಟ್ಟಿಗೆ ತೆರೆದದ್ದನ್ನು ಇನೆಜ್ ಕಂಡಿರಲಿಲ್ಲ.

ಇನೆಜಳ ಮನೆತನದಲ್ಲಿ ಸಂಜೆಯ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿದೊಡನೆ ಕಿರಿಯರು ಹಿರಿಯರೆದುರು ಕೈಮುಗಿದು ಬೆಸಾಂವ್ ಬೇಡುವರು. ಆ ಆಶೀರ್ವಾದವಿಲ್ಲದೆ ಅಲ್ಲಿ ಯಾರೂ ದೂರದ ಪ್ರಯಾಣಕ್ಕೆ ಹೊರಟದ್ದಿಲ್ಲ. ಮೊದಲ ಸಲ ವಿಮಾನ ಹತ್ತಿದಾಗ ಅವಳ ತಲೆಯ ಮೇಲೆ ತಾಯಿಯ ಕೈಯಿತ್ತು. ಆಮೇಲೆ ಪ್ರತಿ ರಜೆಯ ಕೊನೆಯಲ್ಲಿ ಅಕ್ಕನದು. ಹೋದ ವರ್ಷ ಅಕ್ಕನೂ ದೇವರ ಪಾದ ಸೇರಿದಳು. ಈಗ ಎಲ್ಲವನ್ನೂ ಮುಗಿಸಿ ಮನೆಗೆ ಹೊರಟವಳನ್ನು ಹರಸಲು ಹಿರಿಯರೆಂಬವರೇ ಉಳಿದಿರಲಿಲ್ಲ. ಕಾಲಿನ ಭಾರಕ್ಕಿಂತ ಈ ಭಾರವೇ ಅವಳನ್ನು ಹೆಚ್ಚು ದಣಿಸಿತ್ತು.

ದಿನವೂ ಅಡುಗೆಮನೆಯಲ್ಲಿ ತೇರ್ಸ್ ಮಾಡುತ್ತಿದ್ದವಳು ಅಲ್ಲಿನ ಎ.ಸಿ. ಕೆಟ್ಟ ಸಂಜೆ ನಡುಮನೆಯಲ್ಲೇ ಮೊಣಕಾಲೂರಿದಳು. ಕೊನೆಯ ಶಿಲುಬೆಯ ಗುರುತು ಹಾಕಿ ತಿರುಗಿದವಳ ಕಣ್ಣಿಗೆ ಬಿದ್ದದ್ದು ಕುರ್ಚಿಯಲ್ಲಿದ್ದ ನರೆತ ತಲೆ. ಮನಸ್ಸು ಎಚ್ಚೆತ್ತುಕೊಳ್ಳುವ ಮೊದಲೇ ಬಾಯಿ ಅಭ್ಯಾಸದಂತೆ ಬೆಸಾಂವ್ ಬೇಡಿಬಿಟ್ಟಿತು.

“ಏನದು, ಸಿಸ್ಟರ್?” ಎಂದರು ಬ್ರಿಗೇಡಿಯರರು.

“ಸಾರಿ ಸರ್. ನಮ್ಮ ಮನೆ ಅಂದ್ಕೊಂಡೆ.” ನಾಚಿಕೆಯಿಂದಲೇ ಅವಳು ಆ ಪದ್ಧತಿಯನ್ನೂ, ಹರಸುವವರು ಯಾರೂ ಉಳಿಯದ ಕಥೆಯನ್ನೂ ಹೇಳಿದಳು.

ಅವರು ಎಡಗೈಯಿಂದ ಬಲಗೈಯನ್ನು ಶಾಲಿನೊಳಗೆ ಸರಿಸಿಕೊಂಡರು. “ಇದು ಅದಕ್ಕೆ ತಕ್ಕ ಕೈಯಲ್ಲ. ಇಲ್ಲೇ ಉತ್ತರಕ್ಕೆ, ನೆಲದಡಿಯ ಬಾಂಬುಗಳನ್ನು ತೆಗೆದಾಯಿತೆಂದು ನಮಗೆ ಸುದ್ದಿ ಬಂದಿತ್ತು. ದಾರಿ ಸರಿಯಿದೆ, ನಡೆಯಿರಿ ಎಂದು ಈ ಕೈ ಎತ್ತಿದೆ. ಹುಡುಗರು ನಡೆದರು, ಹಿಂದಿರುಗಲಿಲ್ಲ. ಯಾರ ತಪ್ಪೂ ಇಲ್ಲವೆಂದು ವಿಚಾರಣೆ ಹೇಳಿತು. ಆದರೆ ಎತ್ತಿದ್ದು ಇದೇ ಕೈ.”

ಇನೆಜ್ ಶಾಲನ್ನು ಸರಿಪಡಿಸಿ ಚಾ ತರಲು ಎದ್ದಳು. ಮರುದಿನವೂ, ಅದರ ಮರುದಿನವೂ ಆ ಕೈಯನ್ನು ಎತ್ತಿದಳು, ಇಳಿಸಿದಳು. ಇಷ್ಟು ವರ್ಷ ಅದು ಏನನ್ನು ಹೊತ್ತಿತ್ತೆಂದು ಈಗ ಅವಳಿಗೆ ಗೊತ್ತಿತ್ತು. ಕರುಣಾಮಯನಾದ ದೇವರು ಇಬ್ಬರು ದಣಿದವರನ್ನು ಸುಮ್ಮನೆ ಒಂದೇ ಕೋಣೆಯಲ್ಲಿ ಕೂರಿಸುವನೇ?

ಹೊರಡುವ ಬೆಳಿಗ್ಗೆ ಟ್ಯಾಕ್ಸಿಯ ಮುಸ್ತಫಾ ಕೆಳಗಿನಿಂದ ಫೋನು ಮಾಡಿದ: “ಯಲ್ಲಾ, ಬೇಗ ಸಿಸ್ಟರ್! ಏರ್‌ಪೋರ್ಟನ್ನೇ ಇಲ್ಲಿಗೆ ತರಿಸ್ಲಾ?”

“ಕೈ ವ್ಯಾಯಾಮ ಒಂದು ಬಾಕಿ ಉಂಟು ಭಾಯಿ.”

ಅವಳು ಕುರ್ಚಿಯ ಮುಂದೆ ಕುಳಿತು ಎಂದಿನಂತೆ ಕೈ ಎತ್ತಿದಳು. ಎತ್ತಿದಲ್ಲೇ ಅವಳ ತೋಳು ಸೋತು ಹಿಡಿತ ಸಡಿಲಿತು. ಕೈ ಕೆಳಗೆ ಬೀಳಬೇಕಿತ್ತು, ಬೀಳಲಿಲ್ಲ. ಹಲ್ಲು ಕಚ್ಚಿ ಮುದುಕರು ಅದನ್ನು ಅಲ್ಲೇ ಹಿಡಿದಿದ್ದರು. ಇನೆಜ್ ತಲೆ ಬಾಗಿಸಿದಳು.

“ದಾರಿ ಸರಿಯಿದೆಯೆಂದು ನಾನು ಇನ್ನು ಯಾರಿಗೂ ಹೇಳಲಾರೆ, ಸಿಸ್ಟರ್,” ಎಂದರು ಬ್ರಿಗೇಡಿಯರರು. “ದೇವರೇ ನಿಮ್ಮ ಮುಂದೆ ನಡೆಯಲಿ.”

ಕೈ ಅವಳ ನೆತ್ತಿಯ ಮೇಲೆ ಇಳಿಯಿತು, ಭಾರವಾಗಿ, ಬೆಚ್ಚಗೆ. ಫೋನು ಮತ್ತೆ ಬಡಿದುಕೊಳ್ಳುವವರೆಗೂ ಇಬ್ಬರೂ ಅಲುಗಲಿಲ್ಲ. ತಾನಾಗಿ ಮೇಲೇಳುವ ಶಕ್ತಿ ಆ ಕೈಗೆ ಇರಲಿಲ್ಲ. ಎಂದಿನಂತೆ ಅವಳೇ ಅದನ್ನು ಎತ್ತಿ, ಅವರ ಮಡಿಲಲ್ಲಿಟ್ಟು, ಶಾಲು ಹೊದಿಸಿದಳು.