ಜಿಜಾಬಾಯಿ ಅಂಟಿಸಿದ ಟೇಪು

ಬೀದರಿನ ನಮ್ಮ ಚಿದ್ರಿಯ ಓಣಿಯಲ್ಲಿ ಒಂದು ಮಾತು ಈಗಲೂ ಓಡಾಡುತ್ತಿದೆ. ಜಿಜಾಬಾಯಿ ಊರವರ ಕಿವಿಗೆಲ್ಲ ಇಯರ್‌ಫೋನು ಮಾರಿದಳು, ಸ್ವಂತ ತಂಗಿಯ ದನಿ ಮಾತ್ರ ಅವಳಿಗೆ ಕೇಳಿಸಲಿಲ್ಲ ಎಂದು. ಮೊನ್ನೆ ಹಿಟ್ಟಿನ ಗಿರಣಿಯಲ್ಲಿ ಪಾಳಿಗೆ ನಿಂತಾಗ ಸುಭದ್ರಾಬಾಯಿ ಅದನ್ನೇ ಆಡಿಕೊಂಡು ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು. ಜೋಳದ ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ನಾನು ಫ್ಲಾರೆನ್ಸ, ಸಾಲೆಯಲ್ಲಿ ಟೀಚರ್ ಆಗಿ ದುಡಿದು ನಿವೃತ್ತಳಾದವಳು. ಜಿಜಾಬಾಯಿಯ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ನಡೆದದ್ದು ಏನೆಂದು ನಾನು ಹೇಳುತ್ತೇನೆ, ಕೇಳಿದ ಮೇಲೂ ನಗು ಬರುವವರು ಧಾರಾಳವಾಗಿ ನಗಲಿ.

ಜಿಜಾಬಾಯಿ ಔರಾದ ಕಡೆಯವಳು. ಖಟಕ ಚಿಂಚೋಳಿಗೆ ಕೊಟ್ಟಿದ್ದರು. ಗಂಡ ವೈಜಿನಾಥ ಭಾಲ್ಕಿ ಡಿಪೋದಲ್ಲಿ ಕಂಡಕ್ಟರ್. ಬಿ.ಎ. ಮಾಡಿದ ಹುಡುಗಿ ನೌಕರಿಗೆ ಅರ್ಜಿ ಹಾಕಿ ಹಾಕಿ ಬೇಸತ್ತು, ಕೊನೆಗೆ ಬೀದರಿಗೆ ಬಂದು ಬಸ್‌ಸ್ಟ್ಯಾಂಡಿನ ಎದುರು ಬಾಬುಮಿಯಾನ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಒಂದು ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕುಳಿತಳು. ಅದರಲ್ಲಿ ಮಾರುತ್ತಿದ್ದುದು ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಅಗ್ಗದ ಇಯರ್‌ಫೋನು, ಬೇರೇನೂ ಇಲ್ಲ. ಡಿಗ್ರಿ ಓದಿದ ಸೊಸೆ ಬೀದಿಯಲ್ಲಿ ಕುಳಿತು ವೈರು ಮಾರುತ್ತಾಳೆ ಎಂದು ಮೂಗು ಮುರಿದ ನೆಂಟರೇ ಮರುವಾರ ಬಂದು ಒಂದೊಂದು ಪುಕ್ಕಟೆ ಒಯ್ದರು. ಅವರ ಹೆಸರು ಹೇಳಲು ನನಗೇನೂ ಹೆದರಿಕೆಯಿಲ್ಲ, ಜಿಜಾಬಾಯಿ ಬೇಡ ಅಂದಳೆಂದು ಬಿಟ್ಟಿದ್ದೇನೆ.

ಮಾರುವುದಾದರೂ ಸುಮ್ಮನೆ ಮಾರುವವಳೇ? ಅವಳ ಮೊಬೈಲಿನಲ್ಲಿ ಒಂದು ರೆಕಾರ್ಡಿಂಗ್ ಇತ್ತು. ವೈಜಿನಾಥನ ಬಸ್ಸಿನಲ್ಲಿ ಭಾಲ್ಕಿಗೆ ಹೋಗುವಾಗ ತಾನೇ ಮಾಡಿಕೊಂಡದ್ದು. ಅದರಲ್ಲಿ ಎಂಜಿನ್ನಿನ ಗುರುಗುರು, ಮುಂದಿನ ಸೀಟಿನ ಹೆಂಗಸರ ಮಾತು, ನಡುನಡುವೆ ಗಂಡನ ಸೀಟಿ. ಹೊಸ ಮಾಲು ಬಂದರೆ ಒಂದೊಂದನ್ನೂ ಕಿವಿಗೆ ಹಾಕಿಕೊಂಡು ಅದನ್ನೇ ಕೇಳುತ್ತಿದ್ದಳು. ಎಂಜಿನ್ನು ಕೆಳಗೆ ಇರಬೇಕು, ಹೆಂಗಸರು ಎದುರಿಗೆ ಕುಳಿತು ಮಾತಾಡಿದಂತೆ ಇರಬೇಕು, ಸೀಟಿ ಕೇಳಬೇಕು ಆದರೆ ಚುಚ್ಚಬಾರದು. ಇದು ಅವಳ ಪರೀಕ್ಷೆ. ಹತ್ತು ಕಂಪನಿಯ ಹತ್ತು ನಮೂನೆ ತಂದರೆ ಒಂದೋ ಎರಡೋ ಪಾಸಾಗುತ್ತಿದ್ದವು. ಉಳಿದವಕ್ಕೆ ಅವಳೇ ಔಷಧ ಮಾಡುತ್ತಿದ್ದಳು. ಗದ್ದಲ ಒಳಗೆ ನುಗ್ಗಿದರೆ ತುದಿಯ ರಬ್ಬರು ಬದಲಿಸುವುದು. ಸೀಟಿ ಚುಚ್ಚಿದರೆ, ಗಾಯಕ್ಕೆ ಪಟ್ಟಿ ಕಟ್ಟುವಾಗ ಹಚ್ಚುತ್ತಾರಲ್ಲ, ಆ ತೆಳು ಕಾಗದದ ಟೇಪನ್ನು ಔಷಧದ ಅಂಗಡಿಯಿಂದ ತಂದು ಸಣ್ಣಗೆ ಕತ್ತರಿಸಿ ದನಿ ಹೊರಬರುವ ಜಾಲರಿಯ ಮೇಲೆ ಅಂಟಿಸುವುದು. ಟೇಪು ಹಚ್ಚಿದರೆ ದನಿಯ ಮೊನೆ ಸವೆಯುತ್ತದೆ, ಮೆತ್ತಗಾಗುತ್ತದೆ.

ಡಬ್ಬಿಯ ಮೇಲೆ ದೊಡ್ಡದಾಗಿ ಬಾಸ್, ಬಾಸ್ ಎಂದು, ಅಂದರೆ ದಪ್ಪ ಸದ್ದು ಹೆಚ್ಚೆಂದು, ಬರೆದ ಮಾಲು ಕಂಡರೆ ಅವಳಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

"ಖಾಲಿ ಧಮ್ ಧಮ್ ಅಂತದರಿ ಟೀಚರ್," ಅನ್ನುತ್ತಿದ್ದಳು. "ಮನಷ್ಯಾರು ಮಾತಾಡಿದ್ದು ಬಿಲ್ಕುಲ್ ಕೇಳಸಂಗಿಲ್ಲ. ಇದು ಮಾಡಿದಾಂವಗ ಅವ್ವ ಇಲ್ಲೇನ್ರಿ? ಹೆಂಡ್ತಿ ಇಲ್ಲೇನ್ರಿ? ಅವ್ರ ಆವಾಜು ಕೇಳೋದು ಬ್ಯಾಡೇನು ಅಂವಗ?"

"ಬಾಯಿ, ಗಿರಾಕಿಗಿ ಏನ್ ಬೇಕೋ ಅದು ಕೊಡ್ರಿ. ಅವ್ರ ಕಿವಿ, ಅವ್ರ ಮರ್ಜಿ," ಎಂದು ಬಾಬುಮಿಯಾ ಒಳಗಿನಿಂದ ಕೂಗುತ್ತಿದ್ದ. ಆದರೆ ಹೈದರಾಬಾದಿಗೋ ಪುಣೆಗೋ ಹೋಗುವವರು ಬಂದು ನಿಂತರೆ ಜಿಜಾಬಾಯಿ ಅವರ ಮರ್ಜಿ ಕೇಳುತ್ತಿರಲಿಲ್ಲ. ಇದರಲ್ಲಿ ಯಾರ ಮಾತು ಕೇಳುತ್ತೀರಿ ಎಂದು ಕೇಳುತ್ತಿದ್ದಳು.

ಅಂಥವರು ಆ ವರ್ಷ ಬಹಳ ಮಂದಿ ಬಂದರು. ಎರಡು ಸಾವಿರದ ಹದಿನಾರರ ಬ್ಯಾಸಗಿ ಅದು. ಮಳೆ ಅದರ ಹಿಂದಿನ ಸಲವೂ ಕೈಕೊಟ್ಟಿತ್ತು. ಮಾಂಜ್ರಾ ನದಿಯಲ್ಲಿ ಮರಳು ಬಿಟ್ಟರೆ ಏನಿಲ್ಲ. ಔರಾದ ಬಸ್ಸಿನಿಂದ ಇಳಿದವರು ಗಂಟುಮೂಟೆ ಹೊತ್ತು ಸೀದಾ ಹೈದರಾಬಾದ ಬಸ್ಸಿಗೆ ಹತ್ತುತ್ತಿದ್ದರು. ಜಿಜಾಬಾಯಿಯ ತಂಗಿ ಭಾಗೀರಥಿಬಾಯಿ ಮತ್ತು ಅವಳ ಗಂಡ ಮಾಣಿಕ ಆ ಬ್ಯಾಸಗಿಗಿಂತ ಮೊದಲೇ, ದೀವಳಗಿ ಮುಗಿದ ಮೇಲೆ ಹೋಗಿದ್ದರು. ಮಾಣಿಕ ಟ್ರ್ಯಾಕ್ಟರ್ ಹೊಡೆಯುವವನು. ಹೊಲದಲ್ಲಿ ಕೆಲಸವಿಲ್ಲದಿದ್ದರೆ ಟ್ರ್ಯಾಕ್ಟರಿಗೆ ಎಲ್ಲಿಯ ಕೆಲಸ? ಒಬ್ಬ ಮುಕಾದಮ, ಅಂದರೆ ಕೂಲಿಯವರನ್ನು ಕರೆದೊಯ್ಯುವವನು, ಹೈದರಾಬಾದಿನ ಆಚೆ ಕಲ್ಲು ಒಡೆಯುವ ಕ್ರಷರಿಗೆ ಇಬ್ಬರನ್ನೂ ಕರೆದೊಯ್ದ. ಮಗಳು ಗೌತಮಿಯ ಸಾಲಿ ಕೆಡಬಾರದೆಂದು ಅವಳನ್ನು ಜಿಜಾಬಾಯಿಯ ಹತ್ತಿರ ಬಿಟ್ಟರು. ಒಂದನೆಯ ಇಯತ್ತೆಯ ಹುಡುಗಿ, ಹಲ್ಲು ಬಿದ್ದ ಬಾಯಿ.

ಭಾಗೀರಥಿಯ ದನಿ ನಾನು ಬಲ್ಲೆ. ಸಣ್ಣ, ತಿಳಿ ದನಿ. ಆ ಮನೆಗೆ ಅವಳು ಬಂದರೆ ಗೋಡೆಯ ಈಚೆ ನನಗೆ ಗೊತ್ತಾಗುತ್ತಿತ್ತು, ಏಕೆಂದರೆ ಭಾಂಡಿ ತೊಳೆಯುವಾಗಲೂ ಹಾಡುತ್ತಿದ್ದಳು.

ಕ್ರಷರಿನಿಂದ ಫೋನು ಮಾಡಿದರೆ ಕಲ್ಲಿನ ಗದ್ದಲ ಬಿಟ್ಟು ಏನೂ ಕೇಳುತ್ತಿರಲಿಲ್ಲ. ಅದಕ್ಕೆ ಸೂಟಿಯ ದಿನ ಮಾಣಿಕನ ಮೊಬೈಲಿನಲ್ಲಿ ಮಾತು ತುಂಬಿ ವಾಟ್ಸಾಪಿನಲ್ಲಿ ಕಳಿಸುತ್ತಿದ್ದಳು. ಊಟ ಮಾಡಿದಿಯಾ, ದೊಡ್ಡವ್ವಗೆ ಕಾಡಬೇಡ, ಮಳೆ ಆದ ಕೂಡಲೇ ಬರುತ್ತೇನೆ. ಇಷ್ಟೇ. ಗೌತಮಿ ನಮ್ಮ ಕಟ್ಟೆಯ ಮೇಲೆ ಕುಳಿತು ಎರಡೂ ಕಿವಿಗೆ ಇಯರ್‌ಫೋನು ಹಾಕಿಕೊಂಡು ಕೇಳಿ, ತಿರುಗಿ ಉತ್ತರ ಕೊಡುತ್ತಿದ್ದಳು. ಸಂಕ್ರಾಂತಿಯ ತನಕ ಎಲ್ಲಾ ಸರಿಯಿತ್ತು. ಆಮೇಲೆ ಒಂದು ದಿನ ಕೇಳುತ್ತ ಕೇಳುತ್ತ ಎರಡನ್ನೂ ಕಿವಿಯಿಂದ ಕಿತ್ತು ನೆಲಕ್ಕಿಟ್ಟಳು.

"ಇದು ನಮ್ಮವ್ವ ಅಲ್ಲ," ಅಂದಳು.

"ನಿಮ್ಮವ್ವನೇ ಬೇ. ಇನ್ನೊಮ್ಮೆ ಕೇಳು," ಅಂದಳು ಜಿಜಾಬಾಯಿ.

ಹುಡುಗಿ ಇನ್ನೊಮ್ಮೆ ಕೇಳಿದಳು. ಅಲ್ಲ ಎಂದು ತಲೆ ಅಲ್ಲಾಡಿಸಿದಳು. ಅಂದು ಉತ್ತರವನ್ನೂ ಕೊಡಲಿಲ್ಲ, ಉಣ್ಣಲೂ ಇಲ್ಲ. ಮುಂದಿನ ವಾರವೂ ಅದೇ ಹಾಡು. ಯಾರೋ ಬೇರೆ ಹೆಂಗಸು ಅವ್ವನ ಹೆಸರು ಹೇಳಿಕೊಂಡು ಮಾತಾಡುತ್ತಾಳೆ ಎಂದು ಅಳಲು ಹತ್ತಿದಳು. ಅತ್ತ ಭಾಗೀರಥಿ, ಮಗಳು ಯಾಕೆ ಮಾತಾಡುತ್ತಿಲ್ಲ ಎಂದು ಮೇಲಿಂದ ಮೇಲೆ ಕೇಳಿ ಕಳಿಸುತ್ತಿದ್ದಳು. ಈ ತಾಯಿ ಮಗಳ ನಡುವೆ ಉಳಿದಿದ್ದ ಒಂದು ಎಳೆ ಅದು, ಅದೂ ಹರಿಯುವ ಹಾಗಾಗಿತ್ತು.

ಜಿಜಾಬಾಯಿ ತಾನೂ ಕೇಳಿದಳು. ದನಿಯಲ್ಲಿ ಉಸುಕು ಕಲಸಿದಂತೆ ಗರಗರ ಎಂಬ ಸದ್ದಿತ್ತು. ಅಗ್ಗದ ಮಾಲಿನಲ್ಲಿ ಅಂಥ ಗರಗರವನ್ನು ಅವಳು ದಿನಾ ಕಂಡವಳು. ಹೀಗಾಗಿ ತಪ್ಪು ಎಲ್ಲಿದೆ ಎಂದು ಅವಳಿಗೆ ಅನುಮಾನವೇ ಬರಲಿಲ್ಲ.

"ಥೂ ಇವ್ನ, ಕಿವಿ ಇಲ್ದಾವ್ರು ಮಾಡ್ಯಾರ ಈ ಮಾಲು," ಎಂದು ಬೈದು, ಗಾಜಿನ ಪೆಟ್ಟಿಗೆಯಲ್ಲಿದ್ದ ಎಲ್ಲ ನಮೂನೆಯನ್ನೂ ಮನೆಗೆ ಹೊತ್ತು ತಂದಳು.

ಆ ಸಂಜೆಗಳನ್ನು ನೀವು ನೋಡಬೇಕಿತ್ತು. ಚಾಪೆಯ ಮೇಲೆ ಇಯರ್‌ಫೋನುಗಳ ಸಾಲು, ಕತ್ತರಿ, ಟೇಪು, ಹತ್ತಿ. ಬಸ್ಸಿನ ರೆಕಾರ್ಡಿಂಗನ್ನು ಬದಿಗಿಟ್ಟು, ಭಾಗೀರಥಿಯ ಹೊಸ ಮಾತನ್ನೇ ಹಚ್ಚಿ, ಗೌತಮಿಯನ್ನು ನ್ಯಾಯ ಹೇಳಲು ಕೂಡಿಸಿದ್ದಳು. ಒಂದು ಹಾಕುವುದು, ಇನ್ನೊಮ್ಮೆ ಕೇಳು ಅನ್ನುವುದು, ಹುಡುಗಿ ಅಲ್ಲ ಅನ್ನುವುದು. ಜಾಲರಿಗೆ ಟೇಪು ಹಚ್ಚುವುದು, ಇನ್ನೊಮ್ಮೆ ಕೇಳು. ಟೇಪಿನ ಮೇಲೆ ಟೇಪು, ಇನ್ನೊಮ್ಮೆ ಕೇಳು. ದಿನಗಟ್ಟಲೆ ಹೀಗೆ ನಡೆಯಿತು. ಕೊನೆಗೊಂದು ಸಂಜೆ ಗೌತಮಿ ಕಣ್ಣು ಮುಚ್ಚಿ ಕೇಳಿದವಳು, ಕಣ್ಣು ಬಿಟ್ಟು ನಕ್ಕಳು.

"ಹಾಂ. ಅವ್ವ ಬಂದ್ಲು," ಅಂದಳು.

ಜಿಜಾಬಾಯಿ ಅವಳನ್ನು ಎತ್ತಿಕೊಂಡು ಅಂಗಳ ತುಂಬ ಕುಣಿದಳು. ಓಣಿಯವರೆಲ್ಲ ಆಗ ಏನಂದರು ಗೊತ್ತೇ? ಎಂಥಾ ಕಿವಿ ಜಿಜಾಬಾಯಿದು ಅಂದರು. ಇದೇ ಸುಭದ್ರಾಬಾಯಿ, ಪುಣೆಯಲ್ಲಿದ್ದ ಮಗನ ಮಾತು ಕೇಳಲು ಅಂಥದ್ದೇ ಒಂದನ್ನು ಕೂತು ಮಾಡಿಸಿಕೊಂಡು ಹೋದಳು.

ಆಮೇಲೆ ಬ್ಯಾಸಗಿ ಬಲಿತಂತೆ ಗರಗರ ಮತ್ತೆ ಮತ್ತೆ ತಲೆ ಎತ್ತುತ್ತಿತ್ತು. ಮಾಣಿಕನ ಫೋನು ಹಳೇದಾಯಿತು, ಅದರ ಮೈಕಿನಲ್ಲಿ ಧೂಳು ಕುಂತಿರಬೇಕು ಎಂದು ಜಿಜಾಬಾಯಿ ಇನ್ನೊಂದು ಚೂರು ಟೇಪು ಹಚ್ಚುತ್ತಿದ್ದಳು. ಭಾಗೀರಥಿ ಒಮ್ಮೆಯೂ ತನಗೆ ಆರಾಮಿಲ್ಲ ಎಂದು ಹೇಳಲಿಲ್ಲ. ಹೇಳಿದರೆ ಮಗಳು ಹೆದರುತ್ತಾಳೆ ಎಂದು ಮಾಣಿಕನಿಗೂ ಹೇಳಗೊಡಲಿಲ್ಲ.

ಜೂನಿನ ಮೊದಲಿಗೆ ಮಿರಗದ ಮಳೆ ಬಿತ್ತು. ಅವರು ಬರುವ ದಿನ ಗೌತಮಿಗೆ ಹೊಸ ಫ್ರಾಕು ಹಾಕಿ ನಾವು ಬಸ್‌ಸ್ಟ್ಯಾಂಡಿಗೆ ಹೋದೆವು. ಮಾಣಿಕ ಮೊದಲು ಇಳಿದು ಕೈ ಕೊಟ್ಟ. ಅವನ ಕೈ ಹಿಡಿದು ಇಳಿದವಳನ್ನು ನಾನು ಯಾವುದೋ ಮುದುಕಿ ಅಂದುಕೊಂಡೆ. ಭಾಗೀರಥಿ ಬಾಯಿಗೆ ಸೆರಗು ಹಿಡಿದಿದ್ದಳು. ಮೂರು ಮೆಟ್ಟಿಲು ಇಳಿದದ್ದಕ್ಕೇ ಏದುಸಿರು ಬಿಡುತ್ತಿದ್ದಳು.

"ಗೌತಮಿ, ಬಾ ಮಗಾ," ಅಂದಳು.

ಕಲ್ಲಿನ ಮೇಲೆ ತಗಡು ಎಳೆದ ಹಾಗಿತ್ತು ಆ ದನಿ. ಗೌತಮಿ ಹಿಂದೆ ಸರಿದು ಜಿಜಾಬಾಯಿಯ ಸೀರೆ ಹಿಡಿದುಕೊಂಡಳು.

"ಇದು ನಮ್ಮವ್ವ ಅಲ್ಲ," ಅಂದಳು.

ಭಾಗೀರಥಿ ನಗಲು ನೋಡಿದಳು. "ಹೌದು ಬಿಡು ಮಗಾ. ನನ್ನ ಆವಾಜು ನನಗೇ ಗುರ್ತು ಹತ್ತಂಗಿಲ್ಲ," ಅಂದಳು. ಅಷ್ಟು ಹೇಳುವುದರಲ್ಲಿ ಕೆಮ್ಮು ಬಂತು.

ದವಾಖಾನೆಯಲ್ಲಿ ಎದೆಯ ಫೋಟೊ ತೆಗೆದರು. ಎದೆಯಲ್ಲಿ, ಗಂಟಲಲ್ಲಿ ಕಲ್ಲಿನ ಪುಡಿ ಕುಂತಿದೆ, ಕೆಮ್ಮು ಕಡಿಮೆಯಾದೀತು, ದನಿ ಮಾತ್ರ ಹಿಂದಿನಂತೆ ಆಗುವುದಿಲ್ಲ ಅಂದರು. ಮನೆಗೆ ಬಂದ ಜಿಜಾಬಾಯಿ, ಟೇಪು ಹಚ್ಚದ ಹೊಸ ಇಯರ್‌ಫೋನಿನ ಡಬ್ಬಿ ಒಡೆದು, ತಂಗಿಯ ಅಷ್ಟೂ ಮಾತುಗಳನ್ನು ಮೊದಲಿನಿಂದ ಕೇಳಿದಳು. ದೀವಳಗಿ ಮುಗಿಸಿ ಹೋದ ಹೊಸತರ ಮಾತು ತಿಳಿನೀರಿನಂತಿತ್ತು. ಆಮೇಲಾಮೇಲೆ ಪುಡಿ ಬಿದ್ದದ್ದು ಪ್ರತಿಯೊಂದರಲ್ಲೂ ಕೇಳುತ್ತಿತ್ತು. ಇಯರ್‌ಫೋನು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ನನಗೂ ಕೇಳಿಸಿದಳು, ಕೇಳಿಸಿ ಗೋಡೆಗೆ ತಲೆ ಆನಿಸಿ ಕುಳಿತಳು.

ಇದನ್ನೇ ಓಣಿಯವರು ಹಿಡಿದುಕೊಂಡು ನಗುವುದು. ನಗುವವರು ಮುಕಾದಮ ಬಂದ ದಿನ ಎಲ್ಲಿದ್ದರು? ಮುಂದಿನ ಹಂಗಾಮಿಗೆ ಮಾಣಿಕನನ್ನು ಕರೆಯಲು ಬಂದಿದ್ದ ಅವನು, ಮಣ್ಣಿನ ಕಾಲಲ್ಲೇ ಒಳಗೆ ಬಂದು ಖುರ್ಚಿಯ ಮೇಲೆ ಕುಳಿತ. ಬಾಯಿಗೆ ಕಟ್ಟಿಕೊಳ್ಳಲು ಒಂದು ಅರಿವಿ ತುಣುಕಾದರೂ ಕೊಟ್ಟಿದ್ದಿರಾ ಎಂದು ನಾನು ಕೇಳಿದೆ.

"ಆಕಿಗಿ ಮೊದ್ಲೇ ಕೆಮ್ಮು ಇತ್ತರಿ ಟೀಚರ್," ಅಂದ. "ಬರುವಾಗ ಏನು ಹಾಡ್ಕೋತ ಬಂದಿದ್ಲೇನು?"

"ಹೌದು, ಹಾಡ್ಕೋತೇ ಹೋಗಿದ್ಲು," ಅಂದಳು ಜಿಜಾಬಾಯಿ. ಟೇಪಿಲ್ಲದ ಇಯರ್‌ಫೋನನ್ನು ಅವನ ಮುಂದೆ ಹಿಡಿದಳು. "ತಗೋರಿ, ಕೇಳ್ರಿ. ದೀವಳಗಿದು ಕೇಳ್ರಿ, ಆಮ್ಯಾಲ ಯುಗಾದಿದು ಕೇಳ್ರಿ."

"ನನಗ ಟೈಮಿಲ್ಲ," ಎಂದು ಅವನು ಎದ್ದು ಚಪ್ಪಲಿ ಮೆಟ್ಟಿದ.

ಜಿಜಾಬಾಯಿ ಅಷ್ಟು ದೂರದಿಂದ, ಅಗ್ಗದ ವೈರಿನಲ್ಲಿ, ವಾರಕ್ಕೊಮ್ಮೆ ಕೇಳಿದಳು. ಮಗು ಅಳುವುದನ್ನು ನೋಡಲಾರದೆ ಟೇಪು ಹಚ್ಚಿದಳು. ಈ ಮನುಷ್ಯ ದಿನಾ ಬೆಳಗಾದರೆ ಭಾಗೀರಥಿಯ ಪಕ್ಕದಲ್ಲಿ ನಿಂತು, ಅವಳು ಕೆಮ್ಮುವುದನ್ನು ಕೇಳುತ್ತ ಕಲ್ಲು ಹೊರಿಸಿದ. ಅವನ ಕಿವಿಗೆ ಯಾರು ಟೇಪು ಹಚ್ಚಿದ್ದರು? ಆ ಕ್ರಷರಿನ ಮಾಲಕನ ಕಿವಿಗೆ ಯಾರು ಹಚ್ಚಿದ್ದರು? ಗಿರಣಿಯಲ್ಲಿ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಅವರಿಗೆ ಜಿಜಾಬಾಯಿಯೇ ಸಿಗಬೇಕು, ಏಕೆಂದರೆ ಅವಳು ತಿರುಗಿ ಮಾತಾಡುವುದಿಲ್ಲ.

ಅವಳು ಗಾಜಿನ ಪೆಟ್ಟಿಗೆ ಮುಚ್ಚಿಲ್ಲ. ಟೇಪು ಹಚ್ಚಿದ್ದ ಮಾಲಿನಿಂದ ಅಷ್ಟನ್ನೂ ಉಗುರಿನಿಂದ ಕಿತ್ತು ತೆಗೆದಳು. ಒಂದನ್ನು ಮಾತ್ರ ಕೀಳಲಾಗಲಿಲ್ಲ. ಅದು ಗೌತಮಿಯದು, ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಿದ್ದಳು, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಮಾಣಿಕ ಮುಕಾದಮನ ಹಿಂದೆ ಹೋಗಲಿಲ್ಲ. ಅವನು ಬಿತ್ತನೆಗೆ ಔರಾದಿಗೆ ಹೊರಡುವ ಮುನ್ನ, ಒಂದು ಮಧ್ಯಾಹ್ನ ನಾನು ಗಂಜಿ ಒಯ್ದಿದ್ದೆ. ಭಾಗೀರಥಿ ಗೋಡೆಗೆ ಒರಗಿ ಕುಳಿತಿದ್ದಳು. ಅಷ್ಟು ದಿನ ದೂರದಿಂದಲೇ ನೋಡುತ್ತಿದ್ದ ಗೌತಮಿ ಅಂದು ತಾನಾಗಿ ಹತ್ತಿರ ಬಂದಳು. ನನಗೆ ಜೀವ ಬಂದಂತಾಯಿತು, ಗಂಜಿಯ ಬಟ್ಟಲು ಕೆಳಗಿಟ್ಟು ನೋಡಿದೆ. ಹುಡುಗಿ ತನ್ನ ಇಯರ್‌ಫೋನು ತೆಗೆದು ತಾಯಿಯ ಎರಡೂ ಕಿವಿಗೆ ಜೋಪಾನವಾಗಿ ಸಿಕ್ಕಿಸಿದಳು, ಕ್ರಷರಿನಿಂದ ಬಂದಿದ್ದ ತಾಯಿಯದೇ ಮಾತನ್ನು ಮೊಬೈಲಿನಲ್ಲಿ ಹಚ್ಚಿದಳು.

"ಕೇಳು. ನಮ್ಮವ್ವ ಹಿಂಗ ಮಾತಾಡ್ತಾಳ," ಅಂದಳು. "ನೀನೂ ಹಿಂಗ ಮಾತಾಡು."

ಭಾಗೀರಥಿ ಕೊನೆಯ ತನಕ ಕೇಳಿದಳು. ಗಂಟಲು ಸರಿಮಾಡಿಕೊಂಡು, ಮಗಳ ಮುಖ ನೋಡುತ್ತ, ಊಟ ಮಾಡಿದಿಯೇನ್ ಮಗಾ ಎಂದು ಸಣ್ಣ ದನಿಯಲ್ಲಿ ಅನ್ನಲು ನೋಡಿದಳು. ಬಂದದ್ದು ಅದೇ ತಗಡಿನ ಸದ್ದು.

ಗೌತಮಿ ಅಲ್ಲ ಎಂದು ತಲೆ ಅಲ್ಲಾಡಿಸಿದಳು. ಸಿಟ್ಟು ಮಾಡಲಿಲ್ಲ. ದೊಡ್ಡವ್ವ ತನಗೆ ಅಷ್ಟು ದಿನ ಹೇಳುತ್ತಿದ್ದ ಹಾಗೆಯೇ, ಸಮಾಧಾನದಿಂದ, ಮೊಬೈಲಿನ ಗುಂಡಿ ಒತ್ತಿದಳು.

"ಇನ್ನೊಮ್ಮೆ ಕೇಳು," ಅಂದಳು.