ಗೋಡೆ ದಾಟಿದ ಹೀರೆಕಾಯಿ

ಮೊನ್ನೆ ಭಾನುವಾರ ನನ್ನ ಹೀರೆಕಾಯಿಯ ಫೋಟೋ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಬಂತು. ಕಳಿಸಿದವಳು ನಾನಲ್ಲ!

ಅದೇ ಡೊಂಕು ಬಾಲ, ಅದೇ ಹುಳು ಕೊರೆದ ಕಲೆ. ಹೆಸರು ಮಾತ್ರ ಪಕ್ಕದ ಮನೆಯ ಹಸೀನಾಳದು. ಕೆಳಗೆ ಸಾಲುಸಾಲು ಚಪ್ಪಾಳೆ.

ಮಕ್ಕಳೇ, ರಾಯಾಪುರದ ನಾವು ಹೆಂಗಸರೆಲ್ಲ ಈಗ ಸಂಶೋಧಕರು. (ನಗಬೇಡಿ.) ಕೃಷಿ ಓದಿದ ಹುಡುಗಿಯೊಬ್ಬಳು ಹೊಸ ಹೀರೆಬೀಜ ಹಂಚಿದ್ದಾಳೆ. ತಾರಸಿಯ ಕುಂಡದಲ್ಲಿ, ಈ ಬಿಸಿಲಿಗೆ ಅದು ಬದುಕುತ್ತದೆಯೇ? ನಾವು ಬೆಳೆದು, ಪ್ರತಿ ಭಾನುವಾರ ಫೋಟೋ ಹಾಕಬೇಕು. ಚೆನ್ನಾಗಿ ಬಂದರೆ ಬೀಜ ಹಳ್ಳಿಗಳಿಗೆ ಹೋಗುತ್ತದೆ. ಉಪ್ಪಿನಬೆಟಗೇರಿಯಲ್ಲಿ ನನ್ನ ತಮ್ಮನ ಸೊಸೆ ಈಗಾಗಲೇ ಹಿತ್ತಲು ಹದಮಾಡಿ ಕಾಯುತ್ತಿದ್ದಾಳೆ. ಸಂತೆಯಲ್ಲಿ ಮಾರುವ ಆಸೆ ಅವಳಿಗೆ.

ಹಸೀನಾಳ ಬಳ್ಳಿ ಎಂದೋ ಒಣಗಿತ್ತು. ನನ್ನದು ಗೋಡೆ ಹತ್ತಿ ಅವಳ ತಾರಸಿಗೆ ಇಳಿದಿತ್ತು, ಅಷ್ಟೇ.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗ್ರೂಪಿನಲ್ಲಿ ಹೇಳಿದರೆ ಅವಳ ಮಾನ ಹೋಗುತ್ತದೆ. ಸುಮ್ಮನಿದ್ದರೆ ಸತ್ತ ಬಳ್ಳಿಯೂ ಕಾಯಿ ಬಿಟ್ಟಿದೆಯೆಂದು ಲೆಕ್ಕಕ್ಕೆ ಸೇರುತ್ತದೆ. ಮೊದಲೇ ನನಗೆ ಬಾಯಿ ಕಡಿಮೆ. ಕೊನೆಗೆ ಗೋಡೆಯ ಬಳಿ ಹೋಗಿ ಕೆಮ್ಮಿದೆ.

“ಹಸೀನಾ, ಆ ಕಾಯಿ...”

“ನಿಮ್ದ ರೀ ಅಕ್ಕಾರ! ಆದ್ರ ನಮ್ಮ ಗ್ವಾಡಿ ಮ್ಯಾಲ ಕುಂತೈತಿ. ಬಾಡಗಿ ಏನ್ ಕೇಳಿಲ್ಲ, ಒಂದ ಫೋಟೋ ತಗೊಂಡೇನಿ.”

ನಗು ಬಂತು. ಆದರೂ ಬಿಡಲಿಲ್ಲ. “ಒಣಗಿದ್ದನ್ನ ಹಾಕಬೇಕಿತ್ತವಾ.”

“ಸತ್ತ ಬಳ್ಳಿ ಫೋಟೋ ಯಾರರ ಹಾಕ್ತಾರೇನ್ರಿ? ಎಲ್ಲಾರ್ದೂ ಹಸರ ಐತಿ. ನನ್ನ ಕೈಗುಣಾನ ಛಲೋ ಇಲ್ಲ ಅಂತಾರ.”

“ಬೀಜಾನ ಛಲೋ ಇಲ್ಲದಿದ್ರ? ನಮ್ಮ ಸೊಸಿ ಹಿತ್ತಲ ತುಂಬ ಅದನ್ನ ಹಾಕಾಕಿ.”

ಅವಳು ತಟ್ಟನೆ ಒಳಗೆ ಹೋದಳು. ಸಿಟ್ಟಾದಳೇ? ನನಗೆ ಊಟ ಸೇರಲಿಲ್ಲ.

ಸಂಜೆ ಫೋನ್ ಸದ್ದು ಮಾಡಿತು. ಗ್ರೂಪಿನಲ್ಲಿ ಹಸೀನಾಳ ಫೋಟೋ: ಕುಂಡದಲ್ಲಿ ಕಂದಿದ ಬಳ್ಳಿ. “ಇದು ನಂದು. ಆ ಕಾಯಿ ಅಕ್ಕಾರದು.”

ಚಪ್ಪಾಳೆ ಇಲ್ಲ. ಆಮೇಲೆ ಮತ್ತೊಬ್ಬರ ಒಣಬಳ್ಳಿ ಬಂತು. ಇನ್ನೊಬ್ಬರದು. ವಾರವಾರವೂ ಹೂವು ತೋರಿಸುತ್ತಿದ್ದ ಟೀಚರಮ್ಮನದೂ! (ಆ ಹೂವು ನರ್ಸರಿಯಿಂದ ತಂದ ಬೇರೆ ಬಳ್ಳಿಯದಂತೆ.)

ಇಷ್ಟು ಒಣಬಳ್ಳಿ ಕಂಡ ಆ ಹುಡುಗಿ ಹಳ್ಳಿಗಳಿಗೆ ಬೀಜ ಹಂಚುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾಳೆ. ಸೊಸೆಗೆ ಮುನಿಸು. “ನಿಮಗ ಕಾಯಿ ಆಗೇತೆಲ್ರೀ ಅತ್ತಿ, ನನಗ್ಯಾಕ ತಪ್ಪಿಸಿದ್ರಿ?” ಖಾಲಿ ಹಿತ್ತಲು ನೆನಪಾದಾಗೆಲ್ಲ ನನಗೂ ಕಸಿವಿಸಿ.

ಈಗ ನೀವು ದೂರದೂರಿನಿಂದ ಕಳಿಸುವ ನಗುಮುಖದ ಫೋಟೋ ನೋಡಿದಾಗಲೂ ಒಂದು ಮಾತು ಕೇಳಬೇಕೆನಿಸುತ್ತದೆ: ಮಕ್ಕಳೇ, ನಿಮ್ಮ ಒಣಬಳ್ಳಿಯ ಫೋಟೋ ಯಾವಾಗ ಕಳಿಸುತ್ತೀರಿ?