ತಡೆ ಅಂದರೋ, ತಡಿ ಅಂದರೋ

ಆಗಸ್ಟ್ ಇಪ್ಪತ್ತೆರಡು, ಶುಕ್ರವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ನಮ್ಮ ಬಾಸ್ಕೆಟ್‌ಬಾಲ್ ಕೋಚ್ ಮೇಡಂ ಮೇಲೆ ನನಗೆ ಅನುಮಾನ ಹುಟ್ಟಿದ್ದು ಆ ಹೊತ್ತಿಗೆ.

ಇಳಕಲ್ಲಿನ ಕಾಲೇಜೊಂದರ ಅಂಗಳದಲ್ಲಿ ಪಂದ್ಯ ಮುಗಿಯಲು ಕೆಲವೇ ಸೆಕೆಂಡು ಉಳಿದಿದ್ದವು. ನಾವು ಒಂದು ಅಂಕ ಮುಂದಿದ್ದೆವು. ಎದುರು ತಂಡದ ಹುಡುಗಿಯೊಬ್ಬಳು ಚೆಂಡು ಪುಟಿಸುತ್ತ ನಮ್ಮ ರಿಂಗಿನತ್ತ ನುಗ್ಗಿದಳು. ಮೇಡಂ ಬೆಂಚಿನಿಂದ ಎದ್ದು ಕೂಗಿದರು. ನನ್ನ ಕಿವಿಗೆ ಬಿದ್ದದ್ದು 'ತಡಿ'. ಎಂದರೆ ತುಸು ತಾಳು, ಕಾಯಿ. ನಾನು ನಿಂತೆ. ಪಕ್ಕದವಳೂ ನಿಂತಳು. ಆ ಹುಡುಗಿ ನಮ್ಮಿಬ್ಬರ ನಡುವೆ, ಊಟಕ್ಕೆ ಕರೆದ ಮನೆಯೊಳಗೆ ಬರುವವಳಂತೆ ಬಂದು ಚೆಂಡು ಹಾಕಿದಳು. ಸೀಟಿ ಮೊಳಗಿತು. ಸೋತೆವು.

ಮೇಡಂ ಮೈಸೂರು ಕಡೆಯವರು. ಬಾಗಲಕೋಟೆಯ ನಮ್ಮ ಕಾಲೇಜಿಗೆ ಜೂನಿನಲ್ಲಿ ಬಂದವರು. ಆಗಸ್ಟ್ ಮುಗಿಯುವಾಗ ತಂಡದ ಅಭಿಪ್ರಾಯ ಕೇಳಿ, ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸುತ್ತೇವೆ ಎಂದು ಪ್ರಾಚಾರ್ಯರು ಮೊದಲೇ ಹೇಳಿದ್ದರು. ತಂಡದ ನಾಯಕಿ ನಾನು, ಆ ಅಭಿಪ್ರಾಯ ಹೇಳಬೇಕಾದವಳೂ ನಾನೇ. ಮೇಡಂ ಆಗಲೇ ವಿದ್ಯಾಗಿರಿಯಲ್ಲಿ ಬಾಡಿಗೆ ಮನೆ ಹಿಡಿದು ಮಗಳನ್ನು ಇಲ್ಲಿಯ ಶಾಲೆಗೆ ಹಾಕಿದ್ದರು.

ದಿನಚರಿ ಬರೆಯುವ ಚಟ ನನಗೆ. ಅದರ ಪ್ರಕಾರ ಮೇಡಂ ತಡವಾಗಿ ಬಂದದ್ದು ಒಂದೇ ಸಲ, ಅದೂ ಮಗಳಿಗೆ ಜ್ವರ ಬಂದ ದಿನ. ಯಾರ ಮಂಡಿ ನೋಯುತ್ತದೆ, ಯಾರು ಬೆಳಿಗ್ಗೆ ಏನೂ ತಿನ್ನದೆ ಬರುತ್ತಾರೆ ಎಲ್ಲ ಅವರಿಗೆ ಗೊತ್ತು. ಒಳ್ಳೆಯದೇ. ಆದರೆ ಕೋಚ್ ಒಬ್ಬರು ನಮಗೆ ಹೊಂದುತ್ತಾರೋ ಇಲ್ಲವೋ ಎಂದು ಹೇಳಲು ಇಷ್ಟು ಸಾಲದು. ಕೊನೆಯ ಗಳಿಗೆಯಲ್ಲಿ ಅವರು ಯಾರ ಕಡೆ ಎಂಬುದು ತಿಳಿಯಬೇಕು.

ಅವತ್ತು ಪಂದ್ಯಕ್ಕೆ ಮುಂಚೆ ಮೇಡಂ ಎದುರು ತಂಡದ ಕೋಚ್ ಜೊತೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದರು. ಅವರೂ ಮೈಸೂರು ಕಡೆಯವರೇ. ಇಬ್ಬರೂ ಜೋರಾಗಿ ನಗುತ್ತಿದ್ದರು. ನಾನು ಹತ್ತಿರ ಹೋದೊಡನೆ ಮಾತು ನಿಂತಿತು.

"ಏನ್ ಬೇಕಿತ್ತಮ್ಮ?"

"ಏನಿಲ್ರಿ, ನೀರು."

ವಾಪಸು ಬರುವಾಗ ಬಸ್ಸಿನಲ್ಲಿ ಮೇಡಂ ತಮ್ಮಷ್ಟಕ್ಕೆ ಎಂಬಂತೆ, "ಪಾಪ, ಆ ಹುಡುಗಿ ಉಳುಕಿದ ಕಾಲಲ್ಲೇ ಆಡಿ ಗೆದ್ದಳು" ಅಂದರು. ಕಾಲು ಉಳುಕಿದ್ದು ಇವರಿಗೆ ಹೇಗೆ ಗೊತ್ತು? ಗೊತ್ತಿದ್ದರೆ ನಮಗೇಕೆ ಹೇಳಲಿಲ್ಲ? ನಾನು ಕಿಟಕಿಯತ್ತ ತಿರುಗಿ ಕುಳಿತೆ.

ಹುನಗುಂದ ದಾಟಿದ ಮೇಲೆ ಬಸ್ಸು ನಿಂತಿತು. ರಸ್ತೆ ತುಂಬ ಕುರಿ. ಟಗರೊಂದು ಹಿಂಡು ಬಿಟ್ಟು ಪಕ್ಕದ ಹೊಲದ ಕಡೆ ಓಡಿತು. ಕುರುಬರೊಬ್ಬರು ಇನ್ನೊಬ್ಬರಿಗೆ ಕೂಗಿದರು: "ಏ, ತರಬಲೇ! ಟಗರ ತರಬು!" ಆತ ಕೋಲು ಅಡ್ಡ ಹಿಡಿದು ನಿಂತ. ಟಗರು ತಿರುಗಿತು.

"ತರಬು ಅಂದ್ರೆ ಏನು?" ಮೇಡಂ ಕೇಳಿದರು.

ನಮ್ಮ ತಂಡದಲ್ಲಿ ಮರೋಳದ ಹುಡುಗಿಯೊಬ್ಬಳಿದ್ದಾಳೆ, ಕುರಿ ಸಾಕುವ ಮನೆಯವಳು. ಅವಳು ಹೇಳಿದಳು: "ಅಡ್ಡ ನಿಂತು ನಿಲ್ಲಸೂದ್ರಿ ಮೇಡಂ. ಮಂದಿ ಹೊಲಕ್ಕ ಕುರಿ ಹೊಕ್ಕರ ಹಿಂಗ ಒದರತೀವಿ."

"ನಾನೂ ಅದನ್ನೇ ಅಲ್ವಾ ಕೂಗಿದ್ದು?"

"ಇಲ್ರಿ, ನೀವು ತಡಿ ಅಂದ್ರಿ."

"ತಡೆ ಅಂದೆ ಕಣ್ರಮ್ಮ! ತಡೆ!"

"ಹೂನ್ರಿ, ಅದ. ತಡಿ."

"ಅಯ್ಯೋ, ತಡೆ! ಕೊನೇಲಿ ಎ!"

"ಮೇಡಂ, ನಮ್ಮಲ್ಲಿ ಮನೆ ಹೋಗಿ ಮನಿ ಆಗೇತಿ, ಶಾಲೆ ಹೋಗಿ ಸಾಲಿ ಆಗೇತಿ. ನಿಮ್ಮ ತಡೆ ಒಂದ ಹೆಂಗ ಬಿಡ್ತೇವ್ರಿ?"

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಟಿಕೆಟ್ ಚೀಲ ಜಗ್ಗಿಕೊಳ್ಳುತ್ತ, "ಅಂದ್ರ ತಡದು ತಡದು ಸೋತು ಬಂದೀರಿ ಅನ್ರವಾ" ಅಂದ. ಮೇಡಂ ಕೂಡ ನಕ್ಕರು. ನಾನು ನಗಲಿಲ್ಲ. ಅಭ್ಯಾಸದ ವೇಳೆ ಅವರು ಕೂಗುವುದು 'ಬ್ಲಾಕ್'. ಮರುದಿನ ದಿನಚರಿ ತಿರುವಿ ನೋಡಿದೆ. ಜೂನಿನಿಂದ ಎಲ್ಲೂ 'ತಡೆ' ಇರಲಿಲ್ಲ. ಇಳಕಲ್ಲಿನಲ್ಲಿ ಮಾತ್ರ, ಅದೂ ಆ ಗಳಿಗೆಯಲ್ಲಿ, ಅದೇಕೆ ಬಾಯಿಗೆ ಬಂತು?

ನೇರವಾಗಿ ಕೇಳಿಯೇಬಿಟ್ಟೆ.

"ಗಾಬರೀಲಿ ಇಂಗ್ಲಿಷ್ ಎಲ್ಲಿ ಬರುತ್ತಮ್ಮ? ಮನೆ ಮಾತೇ ಬರೋದು."

"ಆಕಿ ಕಾಲಿನ ಸುದ್ದಿ ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತು. ಅವಳ ಕೋಚ್ ನನ್ನ ನಂಬಿ ಹೇಳಿದ್ರು. ನಿಮಗೆ ಹೇಳಿದ್ರೆ ನೀವು ಹೋಗಿ ಆ ಕಾಲಿನ ಮೇಲೇ ಬೀಳ್ತಿದ್ರಿ."

ಬೀಳುತ್ತಿದ್ದೆವು, ಅದು ಖರೆ. ಆದರೆ ಅವರು ಎಲ್ಲವನ್ನೂ ಹೇಳಿದರೇ? ಪ್ರಾಚಾರ್ಯರು ಕರೆಯುವ ಮೊದಲು ಒಂದು ಪರೀಕ್ಷೆ ಮಾಡಬೇಕೆನಿಸಿತು. ಮೇಡಂ ಗಾಬರಿಯಾಗಬೇಕು. ಆಗ ಬಾಯಿಂದ 'ಬ್ಲಾಕ್' ಬಂದರೆ ಅವರು ನನಗೆ ಹೇಳಿದ್ದು ಸುಳ್ಳು, 'ತಡೆ' ಬಂದರೆ ನಿಜ. ನಮ್ಮ ಕೋರ್ಟಿನಿಂದ ಗೇಟಿನವರೆಗೆ ಇಳಿಜಾರು, ಗೇಟಿನಾಚೆ ರಸ್ತೆ. ಗುರುವಾರ ಸಂಜೆ ಮೇಡಂ ನೀರು ಕುಡಿಯುತ್ತಿದ್ದಾಗ, ಇರುವುದರಲ್ಲಿ ಹೊಸ ಚೆಂಡನ್ನು ಕಾಲಿನಿಂದ ಮೆಲ್ಲಗೆ ಇಳಿಜಾರಿಗೆ ತಳ್ಳಿದೆ. ಅದು ಓಡಿತು. ರಸ್ತೆಯಲ್ಲಿ ಟ್ರ್ಯಾಕ್ಟರ್ ಬರುತ್ತಿತ್ತು.

ಮೇಡಂ ಬಾಟಲಿ ಬಿಸಾಡಿ ಕೂಗಿದರು: "ತರಬೂ! ಏ, ತರಬು!"

ಮರೋಳದವಳು ಗೇಟಿನಲ್ಲಿ ಎರಡೂ ಕೈ ಚಾಚಿ ಅಡ್ಡ ನಿಂತಳು. ಚೆಂಡು ಅವಳ ಕಾಲಿಗೆ ಬಡಿದು ನಿಂತಿತು. ಅವಳು ನಗುತ್ತ ಅಲ್ಲೇ ಕುಳಿತುಬಿಟ್ಟಳು. "ಮೇಡಂ, ಚಂಡನ್ನ ಟಗರ ಮಾಡಿದ್ರೆಲ್ರಿ!"

ಪರೀಕ್ಷೆ ಕೆಟ್ಟಿತು. ನಾನು ಎರಡು ಉತ್ತರಕ್ಕೆ ಕಾದಿದ್ದೆ, ಬಂದದ್ದು ಮೂರನೆಯದು. ಮನೆಯಲ್ಲಿ ಕನ್ನಡಿ ಮುಂದೆ ಕೂಗಿ ರೂಢಿ ಮಾಡಿಕೊಂಡರೋ ಎಂದೂ ಯೋಚಿಸಿದೆ. ಆದರೆ ಗಾಬರಿಯನ್ನು ಯಾರು ರೂಢಿ ಮಾಡಿಕೊಳ್ಳುತ್ತಾರೆ? ನಮಗೆ ತಿಳಿಯಲಿ ಎಂದು ನಮ್ಮ ಮಾತನ್ನು ಒಂದು ವಾರದೊಳಗೆ ಅಷ್ಟು ಆಳಕ್ಕೆ ಇಳಿಸಿಕೊಂಡವರು ಬೇರೆಯವರ ಕಡೆ ಇರಲಾರರು. ಇಷ್ಟರ ಮಟ್ಟಿಗೆ ಒಪ್ಪಿದೆ.

ಮರುದಿನ ಪ್ರಾಚಾರ್ಯರು ಕರೆದರು. "ಏನವಾ, ಇರಲ್ಯೋ ಬ್ಯಾಡೋ?"

"ಇರಲಿರಿ ಸರ್."

"ಗಟ್ಟಿ ಹೇಳು."

"ಗಟ್ಟಿನ ಇರಲಿರಿ. ಆದ್ರ ಚಾ ಮಾತ್ರ ಮ್ಯಾಚ್ ಮುಗದ ಮ್ಯಾಲ ಕುಡೀಲಿ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಮೇಡಂ ನೇಮಕದ ಕಾಗದಕ್ಕೆ ಸಹಿ ಮಾಡಿದರು. ಮೇಡಂ ಈಗಲೂ ನಮ್ಮ ಕೋಚ್. ನನ್ನ ಅನುಮಾನವೂ ಈಗಲೂ ಪೂರ್ತಿ ಹೋಗಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಅವತ್ತು ಆ ಕ್ಯಾಂಟೀನಿನಲ್ಲಿದ್ದವರಿಗೆ, ನಾನು ಬರುವ ಮುಂಚೆ ಆ ಇಬ್ಬರೂ ಯಾವ ಮಾತಿಗೆ ನಕ್ಕರೆಂದು ನೆನಪಿದ್ದರೆ ಪ್ರಕಾಶಕರ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ನಮ್ಮ ಬೆಂಚಿನ ಹಿಂದೆ ಕುಳಿತು ಆ ಕೂಗು ಕೇಳಿದವರು, ಕಿವಿಗೆ ಬಿದ್ದ ಹಾಗೇ ಬರೆಯಿರಿ. ಜೊತೆಗೆ ನಿಮ್ಮದು ಯಾವ ಊರೆಂದೂ ತಿಳಿಸಿ. ಅದು ಗೊತ್ತಾಗದೆ ನೀವು ಬರೆದ ಎ ಯಾವುದು, ಇ ಯಾವುದು ಎಂದು ನಾನು ಹೇಗೆ ನಂಬಲಿ?